ಏರುವಾಗ ತಪ್ಪುತ್ತಿದ್ದ ಗಾಂಧಾರ

ದಸರಾ ರಜೆ ಮುಗಿದ ಮೊದಲ ಶನಿವಾರ. ಪಾಠ ಮುಗಿಸಿದ ಮಕ್ಕಳು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು. ಎಂಟೂವರೆ ವರ್ಷದ ಒಬ್ಬ ಹುಡುಗಿಯ ತಾಯಿ ಮಾತ್ರ ಹೊರಡದೆ ಕಾಯುತ್ತಿದ್ದರು. ಎಲ್ಲರೂ ಹೋದ ಮೇಲೆ ಒಳಗೆ ಬಂದು, "ಮೇಡಂ, ಇವಳಿಗೆ ಪಿಟೀಲು ಒಲಿಯೋ ಹಾಗೆ ಕಾಣಲ್ಲ. ನಿಲ್ಲಿಸಿಬಿಡೋಣ ಅಂತಿದೀನಿ" ಅಂದರು. ಹುಡುಗಿ ಅವರ ಹಿಂದೆ ನಿಂತು ವಾದ್ಯದ ಪೆಟ್ಟಿಗೆಯ ಕೊಂಡಿಯನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದಳು.

ನಾನು ಮೈಸೂರಿನಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತೇನೆ. ಈ ಮಾತನ್ನು ವರ್ಷಕ್ಕೆ ಎರಡು ಮೂರು ಸಲವಾದರೂ ಕೇಳುತ್ತೇನೆ. ಆದರೆ ಈ ಹುಡುಗಿಯ ವಿಷಯದಲ್ಲಿ ತಿಂಗಳುಗಟ್ಟಲೆ ನಾನೇ ತಪ್ಪು ಜಾಗದಲ್ಲಿ ಕಾರಣ ಹುಡುಕಿದ್ದೆ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು. ತಾಯಿ ಒಪ್ಪಿದ್ದಾರೆ. ಹೆಸರುಗಳು ಬೇಡ.

ತಾತನ ಪಿಟೀಲು

ಹುಡುಗಿ ಬಂದಾಗ ಏಳು ವರ್ಷ. ಪಿಟೀಲೇ ಯಾಕೆ ಅಂತ ಕೇಳಿದ್ದೆ. ಬೆಂಗಳೂರಿನಲ್ಲಿ ಚೌಡಯ್ಯ ಸ್ಮಾರಕ ಭವನ ನೋಡಿದ್ದಳಂತೆ. 1980ರಲ್ಲಿ ಬಾಗಿಲು ತೆರೆದ ಆ ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ಅದು ಮೈಸೂರಿನ ಟಿ. ಚೌಡಯ್ಯನವರ ನೆನಪಿಗೆ ಕಟ್ಟಿದ್ದು ಅಂತ ತಾತ ಹೇಳಿದ್ದರು. "ಅಷ್ಟು ದೊಡ್ಡ ಪಿಟೀಲು ಯಾರು ನುಡಿಸ್ತಾರೆ ಮಿಸ್?" ಅಂತ ಮೊದಲ ದಿನವೇ ನನ್ನನ್ನು ಕೇಳಿದಳು. ಚೌಡಯ್ಯನವರು ನಾಲ್ಕು ತಂತಿ ಸಾಲದು ಅಂತ ಏಳು ತಂತಿಯ ಪಿಟೀಲು ಮಾಡಿಕೊಂಡಿದ್ದರು ಅಂತ ಹೇಳಿದೆ. ಅವಳ ಕಣ್ಣು ಅರಳಿತು. ಇಂಥ ಮಗು ಸಿಕ್ಕರೆ ಯಾವ ಮೇಷ್ಟರಿಗೆ ಖುಷಿಯಾಗುವುದಿಲ್ಲ ಹೇಳಿ.

ತಾತ ಹರೆಯದಲ್ಲಿ ಕೆಲವು ವರ್ಷ ಪಿಟೀಲು ಕಲಿತವರು. ಆಮೇಲೆ ಕೆಲಸ, ಸಂಸಾರ ಅಂತ ವಾದ್ಯ ಅಟ್ಟ ಸೇರಿತ್ತು. ಮೊಮ್ಮಗಳು ಆಸೆಪಟ್ಟಿದ್ದೇ ತಡ, ಅದನ್ನು ಇಳಿಸಿ, ತಂತಿ ಬಿಗಿಯುವ ಬಿರಡೆ ಸರಿಮಾಡಿಸಿ, ಹೊಸ ತಂತಿ ಹಾಕಿಸಿ, ಕಮಾನಿಗೆ ಹೊಸ ಕೂದಲು ಕಟ್ಟಿಸಿದರು. ಒಳ್ಳೆಯ ವಾದ್ಯ. ನಾದ ತುಂಬಿ ಬರುತ್ತಿತ್ತು. ದೊಡ್ಡವರ ಅಳತೆಯ ವಾದ್ಯ ಅಂತ ನನಗೆ ಕಂಡಿತ್ತು, ಯಾಕೆ ಕಾಣುವುದಿಲ್ಲ? ಆದರೆ ಅಷ್ಟು ಅಕ್ಕರೆಯಿಂದ ತಂದ ಪಿಟೀಲನ್ನು ಬೇಡ ಅನ್ನಲು ಬಾಯಿ ಬರಲಿಲ್ಲ. ಮಗು ಬೆಳೆಯುತ್ತೆ, ಹೊಂದಿಕೊಳ್ಳುತ್ತೆ ಅಂದುಕೊಂಡೆ. ಮನೆಯವರೂ ಹಾಗೇ ಅಂದುಕೊಂಡಿದ್ದರು.

ಮೊದಲ ಆರು ತಿಂಗಳು ಬರೀ ಕಮಾನು ಎಳೆಯುವುದು, ಶ್ರುತಿ ಹಿಡಿಯುವುದು. ಅದು ಚೆನ್ನಾಗೇ ಹೋಯಿತು. ತೊಂದರೆ ಶುರುವಾಗಿದ್ದು ಬೆರಳು ಇಡಲು ತೊಡಗಿದ ಮೇಲೆ, ಸರಳೆ ವರಿಸೆಯಲ್ಲಿ, ಅಂದರೆ ಸ ರಿ ಗ ಮದ ಮೊದಲ ಪಾಠಗಳಲ್ಲಿ.

ಅಭ್ಯಾಸದ ಪುಸ್ತಕ

ತೊಂದರೆ ಅಂದರೆ ಗಾಂಧಾರ, ಸ ರಿ ಗ ಮದಲ್ಲಿ ಬರುವ ಗ. ಸರಳೆ ಮಾಯಾಮಾಳವಗೌಳ ರಾಗದಲ್ಲಿ ಇರುತ್ತದೆ. ಇವಳು ಸ ರಿ ಗ ಅಂತ ಏರುವಾಗ ಗ ಇರಬೇಕಾದ ಎತ್ತರಕ್ಕಿಂತ ಇಳಿದೇ ಬೀಳುತ್ತಿತ್ತು. ತಿದ್ದಿದರೆ ಒಂದು ಸಲ ಸರಿ, ಮತ್ತೆ ಇಳಿತ. ನಾನು ಫಿಂಗರ್‌ಬೋರ್ಡಿನ ಮೇಲೆ ಸಣ್ಣ ಪಟ್ಟಿ ಅಂಟಿಸಿದೆ. ಬೆರಳು ಪಟ್ಟಿಯ ಹಿಂದೆಯೇ ಬೀಳುತ್ತಿತ್ತು. ಅಭ್ಯಾಸ ಸಾಲದು ಅಂತ ತೀರ್ಮಾನ ಮಾಡಿದೆ. ತಾಯಿಗೂ ಹಾಗೇ ಹೇಳಿದೆ.

ಅವರು ನನ್ನ ಮಾತನ್ನು ಮನಸ್ಸಿಗೆ ತೆಗೆದುಕೊಂಡರು. ಒಂದು ನೋಟ್‌ಬುಕ್ ಮಾಡಿ ದಿನಾ ತಾರೀಖು, ಎಷ್ಟು ನಿಮಿಷ ಅಂತ ಬರೆಯತೊಡಗಿದರು. ಶಾಲೆ, ಹೋಂವರ್ಕ್, ಊಟ ಎಲ್ಲ ಮುಗಿದ ಮೇಲೆ ರಾತ್ರಿ ಎಂಟಕ್ಕೆ 45 ನಿಮಿಷ. ತಾಯಿ ಪಕ್ಕದಲ್ಲೇ ಕೂತು ಪ್ರತಿ ಗಾಂಧಾರಕ್ಕೂ "ತಪ್ಪು, ಮತ್ತೆ ನುಡಿಸು" ಅನ್ನುತ್ತಿದ್ದರು. ಅವರು ಚಿಕ್ಕವರಿದ್ದಾಗ ನಾಲ್ಕು ವರ್ಷ ವೀಣೆ ಕಲಿತಿದ್ದರು. ಎಸ್ಸೆಸ್ಸೆಲ್ಸಿ ಬಂತು ಅಂತ ಮನೆಯಲ್ಲಿ ಬಿಡಿಸಿದ್ದರಂತೆ. ಮಗಳಿಗೆ ಹಾಗಾಗಬಾರದು ಅನ್ನೋ ಹಟ ಅವರದು. ಸಂಗೀತದ ಜೂನಿಯರ್ ಪರೀಕ್ಷೆಯ ಲೆಕ್ಕವನ್ನೂ ಆಗಲೇ ಹಾಕಿಟ್ಟಿದ್ದರು.

ವೀಣೆಯ ಆ ನಾಲ್ಕು ವರ್ಷ ಇಲ್ಲಿ ಅಡ್ಡ ಬಂದಿತ್ತು. ಇದು ನನಗೆ ಆಮೇಲೆ ಹೊಳೆದ ಸಂಗತಿ. ವೀಣೆಗೆ 24 ಮೆಟ್ಟಿಲು. ಸರಿಯಾದ ಮೆಟ್ಟಿಲ ಮೇಲೆ ಬೆರಳಿಟ್ಟು ಮೀಟಿದರೆ ಸ್ವರ ಬಂದೇ ಬರುತ್ತದೆ. ಸ್ವರವನ್ನು ಮೆಟ್ಟಿಲು ಕಾಯುತ್ತದೆ. ಪಿಟೀಲಿಗೆ ಮೆಟ್ಟಿಲಿಲ್ಲ. ನುಣುಪಾದ ಹಲಗೆಯ ಮೇಲೆ ಒಂದು ಕೂದಲೆಳೆ ಆಚೀಚೆ ಆದರೂ ಸ್ವರ ಜಾರುತ್ತದೆ. ವೀಣೆಯಲ್ಲಿ ಗ ತಪ್ಪಿದರೆ ಅದು ಗಮನ ಇಲ್ಲದೆ ತಪ್ಪಿದ್ದು. ತಾಯಿ ಪಿಟೀಲಿನ ತಪ್ಪನ್ನೂ ಹಾಗೇ ಓದಿಕೊಂಡರು: ಇವಳಿಗೆ ಗಮನ ಇಲ್ಲ.

ದಸರಾದಲ್ಲಿ ಇನ್ನೊಂದು ನಡೆಯಿತು. ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಅರಿಶಿನ ಕುಂಕುಮಕ್ಕೆ ಬಂದವರ ಮುಂದೆ "ಒಂದು ಗೀತೆ ನುಡಿಸು ಪುಟ್ಟಿ" ಅಂದರಂತೆ. ಅವಳು ಮಲಹರಿ ರಾಗದ ಗಣಪತಿ ಗೀತೆ ಶುರುಮಾಡಿ, ಎರಡನೇ ಸಾಲಿಗೆ ಕಮಾನು ಕೆಳಗಿಟ್ಟು ಒಳಗೆ ಹೋಗಿ ಅತ್ತಿದ್ದಾಳೆ. ಅಲ್ಲಿಂದ ವಾದ್ಯ ಮುಟ್ಟಿರಲಿಲ್ಲ. ಆ ಶನಿವಾರ ತಾಯಿ ಬಾಗಿಲಲ್ಲಿ ನಿಂತಿದ್ದು ಇದಾದ ಮೇಲೆ.

ಒಂದು ಸಾಲು ಹಾಡು ಅಂದೆ

ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಹೊತ್ತು ಸಿಗಲಿ ಅಂತ ಹುಡುಗಿಗೆ, "ಪಿಟೀಲು ಬೇಡ, ಸುಮ್ನೆ ಒಂದು ಸಲ ಸರಳೆ ಹಾಡು ಕಣಮ್ಮ" ಅಂದೆ. ಶ್ರುತಿ ಪೆಟ್ಟಿಗೆ ಹಾಕಿದೆ.

ಹಾಡಿದಳು. ಗಾಂಧಾರ ಎಲ್ಲಿರಬೇಕೋ ಅಲ್ಲೇ ಇತ್ತು. ಮತ್ತೆ ಹಾಡಿಸಿದೆ, ಎರಡನೇ ಕಾಲದಲ್ಲೂ, ಅಂದರೆ ಎರಡರಷ್ಟು ವೇಗದಲ್ಲೂ ಹಾಡಿಸಿದೆ. ಒಂದು ಸಲವೂ ಇಳಿಯಲಿಲ್ಲ.

ಒಂದೂವರೆ ವರ್ಷದಲ್ಲಿ ಈ ಮಗುವನ್ನು ಒಂಟಿಯಾಗಿ ಒಂದು ಸಲವೂ ಹಾಡಿಸಿರಲಿಲ್ಲ ಅಂತ ಆಗ ಅರಿವಾಯಿತು. ಗುಂಪಿನಲ್ಲಿ ಎಲ್ಲರೂ ಹಾಡುತ್ತಿದ್ದರು, ಅವಳ ದನಿ ಬೇರೆಯಾಗಿ ನನ್ನ ಕಿವಿಗೆ ಬಿದ್ದಿರಲಿಲ್ಲ. ಕಿವಿ ಸರಿಯಿದೆ, ಗಂಟಲು ಸರಿಯಿದೆ. ಹಾಗಾದರೆ ತಪ್ಪುತ್ತಿರುವುದು ಕೈ.

ವಾದ್ಯ ತೆಗೆಸಿದೆ. ಈ ಸಲ ಅವಳ ಮುಖ ನೋಡಲಿಲ್ಲ, ಎಡಗೈ ಒಂದನ್ನೇ ನೋಡಿದೆ. ಆಗ ಎರಡನೇ ಸುಳಿವು ಸಿಕ್ಕಿತು. ಏರುವಾಗ ಗ ತಪ್ಪು. ಇಳಿಯುವಾಗ, ಮ ಗ ರಿ ಸ ಅನ್ನುವಾಗ, ಅದೇ ಗ ಸರಿ! ಮೇಲಿನ ತಂತಿಯಲ್ಲಿ ಪ ದ ನಿ ಸ ಅಂತ ಏರುವಾಗ ನಿಷಾದ ಇಳಿಯುತ್ತಿತ್ತು, ಇಳಿಯುವಾಗ ಅದೂ ಸರಿ. ಗಮನವಿಲ್ಲದ ಮಗು ಇಷ್ಟು ಕ್ರಮವಾಗಿ ತಪ್ಪು ಮಾಡುವುದಿಲ್ಲ ಅಲ್ವಾ?

ಸ್ಕೇಲ್ ತಂದು ಅಳೆದೆ. ದೊಡ್ಡ ಪಿಟೀಲಿನಲ್ಲಿ ತಂತಿ ಮಿಡಿಯುವ ಉದ್ದ, ಅಂದರೆ ಮೇಲಿನ ಅಂಚಿನಿಂದ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯವರೆಗೆ, ಸುಮಾರು 33 ಸೆಂ.ಮೀ. ಈ ರಾಗದ ರಿ, ಅಂದರೆ ಶುದ್ಧ ರಿಷಭ, ಬರುವುದು ತಂತಿಯ 16ನೇ ಒಂದು ಭಾಗದಲ್ಲಿ, ಮೇಲಿನಿಂದ ಸುಮಾರು 2 ಸೆಂ.ಮೀ. ಈ ರಾಗದ ಗ, ಅಂದರೆ ಅಂತರ ಗಾಂಧಾರ, ಐದನೇ ಒಂದು ಭಾಗದಲ್ಲಿ, 6.6 ಸೆಂ.ಮೀ. ನಾನು ರಿಗೆ ತೋರು ಬೆರಳು, ಗಗೆ ನಡು ಬೆರಳು ಇಡಿಸುತ್ತೇನೆ. ಎರಡರ ನಡುವೆ ನಾಲ್ಕೂವರೆ ಸೆಂ.ಮೀ. ಚಾಚಬೇಕು. ಮಾಯಾಮಾಳವಗೌಳದಲ್ಲಿ ರಿ ಗ ನಡುವೆ, ದ ನಿ ನಡುವೆ ಅಷ್ಟು ದೊಡ್ಡ ಕಂದಕ ಇದೆ. ಇವಳು ಬೆರಳು ಬಾಗಿಸಿ ತಂತಿ ಒತ್ತಿದರೆ ನಾಲ್ಕು ದಾಟುತ್ತಿರಲಿಲ್ಲ. ಹಾಗಾಗಿ ನಡು ಬೆರಳು 6 ಸೆಂ.ಮೀ. ಹತ್ತಿರ ಬೀಳುತ್ತಿತ್ತು. ಅದಕ್ಕಿಂತ ತಗ್ಗಿನ ಇನ್ನೊಂದು ಗ, ಸಾಧಾರಣ ಗಾಂಧಾರದ ಜಾಗ 5.5. ಮಗು ನುಡಿಸುತ್ತಿದ್ದುದು ಆ ಗಾಂಧಾರವೂ ಅಲ್ಲ, ಈ ಗಾಂಧಾರವೂ ಅಲ್ಲ, ಎರಡರ ನಟ್ಟನಡುವಿನದು.

ಇಳಿಯುವಾಗ ಹೇಗೆ ಸರಿ ಬರುತ್ತಿತ್ತು? ಮಧ್ಯಮಕ್ಕೆ ಹೋಗಲು ಅವಳು ಇಡೀ ಕೈಯನ್ನೇ ಮೇಲಕ್ಕೆ ಜಾರಿಸಿರುತ್ತಾಳೆ. ಅಲ್ಲಿಂದ ಗ ಒಂದೂವರೆ ಸೆಂ.ಮೀ. ಚಿಲ್ಲರೆ ದೂರ ಅಷ್ಟೇ. ಕಿವಿ ಹೇಳಿದ ಕಡೆ ಬೆರಳು ನಿಲ್ಲುತ್ತಿತ್ತು.

ದೇಹವನ್ನೂ ನೋಡಿದೆ. ನಮ್ಮಲ್ಲಿ ಚಕ್ಕಳಮಕ್ಕಳ ಕೂತು, ಪಿಟೀಲಿನ ಸುರುಳಿ ತುದಿಯನ್ನು ಬಲಗಾಲ ಹಿಮ್ಮಡಿಯ ಮೇಲಿಟ್ಟು, ಇನ್ನೊಂದು ತುದಿಯನ್ನು ಎಡ ಭುಜದ ಹತ್ತಿರ ಎದೆಗೆ ಒತ್ತಿಕೊಳ್ಳುತ್ತೇವೆ. ವಾದ್ಯ ಎರಡು ಕಡೆ ಗಟ್ಟಿಯಾಗಿ ನಿಂತರೆ ಎಡಗೈ ಹಗುರಾಗಿ ಓಡಾಡುತ್ತದೆ. ಗಮಕಕ್ಕೆ, ಅಂದರೆ ಸ್ವರವನ್ನು ತೂಗಿ ಬಳುಕಿಸಲು, ಕೈ ಜಾರಬೇಕಲ್ಲ, ಅದಕ್ಕೇ ಈ ಭಂಗಿ. ಇವಳಿಗೆ ವಾದ್ಯ ಉದ್ದ. ಕಾಲು ಮುಂದಕ್ಕೆ ತಳ್ಳಿ, ಬೆನ್ನು ಹಿಂದಕ್ಕೆ ವಾಲಿಸಿ, ಜಾರುತ್ತಿದ್ದ ಪಿಟೀಲನ್ನು ಎಡಗೈಯಿಂದಲೇ ತಡೆದು ಹಿಡಿದಿದ್ದಳು. ಹಿಡಿಯುವ ಕೈಯಲ್ಲೇ ನುಡಿಸಲೂ ಬೇಕು ಅಂದರೆ ಹೇಗೆ? ಕಮಾನು ಕೂಡ ದೊಡ್ಡವರದು, ಸುಮಾರು 75 ಸೆಂ.ಮೀ. ಅದರ ತುದಿಯವರೆಗೆ ಎಳೆಯಲು ಬಲ ಭುಜ ಕಿವಿಯ ಹತ್ತಿರ ಬರುತ್ತಿತ್ತು.

"ಕೈ ನೋಯುತ್ತಾ?" ಅಂತ ಕೇಳಿದೆ.

"ದಿನಾ ನೋಯುತ್ತೆ ಮಿಸ್."

"ಯಾಕೆ ಹೇಳಲಿಲ್ಲ?"

"ತಾತ ಬೇಜಾರು ಮಾಡ್ಕೋತಾರೆ."

ತಾಯಿ ಏನೂ ಮಾತಾಡಲಿಲ್ಲ. ಮಗಳ ಎಡಗೈ ಹಿಡಿದು ಬೆರಳ ತುದಿಗಳನ್ನು ಒಂದೊಂದಾಗಿ ನೋಡಿದರು.

ಅಳತೆ

ಪಿಟೀಲು ಮಕ್ಕಳಿಗೆ ಬೇರೆ ಬೇರೆ ಅಳತೆಯಲ್ಲಿ ಸಿಗುತ್ತದೆ: ಕಾಲು, ಅರ್ಧ, ಮುಕ್ಕಾಲು, ಆಮೇಲೆ ಪೂರ್ತಿ. ಕಾಲಿಗಿಂತ ಚಿಕ್ಕದೂ ಇವೆ. ಇವು ಬರೀ ಹೆಸರು. ಪೂರ್ತಿ ಪಿಟೀಲಿನ ಮೈ ಸುಮಾರು 14 ಇಂಚು ಇದ್ದರೆ ಅರ್ಧದ್ದು 12 ಇಂಚಿಗಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಕೈ ಚಾಚಿ, ಕುತ್ತಿಗೆಯಿಂದ ಅಂಗೈ ನಡುವಿನವರೆಗೆ ಅಳೆದು ಅಂಗಡಿಯಲ್ಲಿ ಆರಿಸುತ್ತಾರೆ. ಸುಮಾರು 51 ಸೆಂ.ಮೀ. ಬಂದರೆ ಅರ್ಧ, 58 ಬಂದರೆ ಪೂರ್ತಿ. ಇವಳದು 51 ಇತ್ತು. ಆ ಲೆಕ್ಕ ಗದ್ದದ ಕೆಳಗೆ ಪಿಟೀಲು ಹಿಡಿಯುವ ಪಾಶ್ಚಾತ್ಯ ರೀತಿಗೆ ಮಾಡಿದ್ದು. ನಮ್ಮ ಮಕ್ಕಳಿಗೆ ಅದರ ಜೊತೆಗೆ ಕೂರಿಸಿ ನೋಡಲೇಬೇಕು. ಬೆನ್ನು ನೇರ ಇರಬೇಕು, ಸುರುಳಿ ಹಿಮ್ಮಡಿಯ ಮೇಲೆ ತಾನಾಗಿ ಕೂರಬೇಕು, ಎಡಗೈ ಬಿಟ್ಟರೂ ವಾದ್ಯ ಬೀಳಬಾರದು. ಈಗ ಹೊಸ ಮಗು ಬಂದರೆ ನಾನು ಮೊದಲು ಮಾಡಿಸುವುದೇ ಇದು.

ನನ್ನ ಹತ್ತಿರ ಕಲಿಯುವ ದೊಡ್ಡ ಹುಡುಗನೊಬ್ಬನ ಮನೆಯಲ್ಲಿ ಅರ್ಧ ಅಳತೆಯ ಪಿಟೀಲು ಸುಮ್ನೆ ಬಿದ್ದಿತ್ತು. ಕೇಳಿದ ತಕ್ಷಣ ಕೊಟ್ಟರು. ಅದರ ತಂತಿ 28.5 ಸೆಂ.ಮೀ. ರಿ ಗ ನಡುವಿನ ದೂರ ನಾಲ್ಕಕ್ಕಿಂತ ಚೂರು ಕಡಿಮೆ. ಇವಳ ಬೆರಳಿಗೆ ಮುಟ್ಟುವ ದೂರ. ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಉಳಿತಾಯ, ಅಷ್ಟೇ. ಆ ಅರ್ಧ ಸೆಂಟಿಮೀಟರಿಗಾಗಿ ಮಗು ದಿನಾ ರಾತ್ರಿ ಬೈಸಿಕೊಂಡಿತ್ತು.

ಚಿಕ್ಕ ಪಿಟೀಲಿಗೆ ಅದರದ್ದೇ ಒಂದು ಕಷ್ಟ ಇದೆ. ನಮ್ಮ ತರಗತಿಯ ಶ್ರುತಿ ತಗ್ಗಿನದು. ಅದಕ್ಕೆ ಇಳಿಸಿದರೆ ಗಿಡ್ಡ ತಂತಿ ಸಡಿಲವಾಗಿ ಗೊರಗೊರ ಅನ್ನುತ್ತದೆ. ಐದರ ಶ್ರುತಿಗೆ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಗೆ ಏರಿಸಿದೆ. ನಾದ ಸ್ವಚ್ಛವಾಯಿತು, ಅವಳ ದನಿಗೂ ಹೊಂದಿತು. ಆದರೆ ಗುಂಪಿನ ಜೊತೆ ನುಡಿಸುವಂತಿರಲಿಲ್ಲ. ವಾರಕ್ಕೆ ಒಂದು ದಿನ ಒಬ್ಬಳಿಗೇ ಪಾಠ ಮಾಡಿದೆ. ಗೆಳತಿಯರಿಂದ ಬೇರೆಯಾದದ್ದು ಅವಳಿಗೆ ಬೇಜಾರೇ ಆಯಿತು.

ತಾತನ ಹತ್ತಿರ ಮಾತು

ಇದು ಅಳತೆಗಿಂತ ಕಷ್ಟದ ಕೆಲಸ. ತಾಯಿ "ನೀವೇ ಹೇಳಿ ಮೇಡಂ, ಮಾವನವರಿಗೆ ನಾನು ಹೇಳಲಾರೆ" ಅಂದರು. ಭಾನುವಾರ ಅವರ ಮನೆಗೆ ಹೋದೆ. ವಿಷಯ ಹೇಳಿದಾಗ ಹಿರಿಯರು ಮೊದಲು ಒಪ್ಪಲಿಲ್ಲ. "ನಮ್ಮ ಕಾಲದಲ್ಲಿ ಕಾಲು, ಅರ್ಧ ಅಂತೆಲ್ಲ ಎಲ್ಲಿತ್ತು? ಇದ್ದ ಪಿಟೀಲಲ್ಲೇ ಕಲೀಲಿಲ್ವಾ?" ಅಂದರು. ಅವರ ಮಾತೂ ನಿಜ. ಇದ್ದ ವಾದ್ಯದಲ್ಲೇ ಕಲಿತವರು ಎಷ್ಟೋ ಜನ. "ನೀವು ಶುರು ಮಾಡಿದಾಗ ವಯಸ್ಸೆಷ್ಟು ಸರ್?" ಅಂದೆ. ಹದಿನಾಲ್ಕು ಅಂದರು. ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

ನಾನು ಎರಡೂ ಪಿಟೀಲು ಪಕ್ಕಪಕ್ಕ ಇಟ್ಟೆ. ಮೊಮ್ಮಗಳು ಮೊದಲು ದೊಡ್ಡದರಲ್ಲಿ, ಆಮೇಲೆ ಚಿಕ್ಕದರಲ್ಲಿ ಸ ರಿ ಗ ಮ ನುಡಿಸಿದಳು. ಅವರಿಗೆ ಕಿವಿಯಿತ್ತು. ನಾನು ಮತ್ತೇನೂ ಹೇಳಬೇಕಾಗಲಿಲ್ಲ. ಏಳುವಾಗ ನಾನೇ ಒಂದು ಕೇಳಿಕೊಂಡೆ. ಮಕ್ಕಳ ಕೈಯಲ್ಲಿ ಬಿರಡೆ ತಿರುಗಿಸಿ ಶ್ರುತಿ ಮಾಡಲು ಆಗುವುದಿಲ್ಲ. ವಾರವಿಡೀ ಶ್ರುತಿಯಿಲ್ಲದ ವಾದ್ಯದಲ್ಲಿ ಅಭ್ಯಾಸ ಮಾಡಿದರೆ ಇದ್ದ ಕಿವಿಯೂ ಹಾಳು. ದಿನಾ ಬೆಳಿಗ್ಗೆ ಚಿಕ್ಕ ಪಿಟೀಲಿಗೆ ನೀವು ಶ್ರುತಿ ಮಾಡಿಕೊಡಬೇಕು ಅಂದೆ. ಮಾರನೇ ದಿನದಿಂದಲೇ ಶುರುಮಾಡಿದರು.

ಬೆಳಿಗ್ಗೆ ಹನ್ನೆರಡು ನಿಮಿಷ

ರಾತ್ರಿಯ 45 ನಿಮಿಷ ನಿಲ್ಲಿಸಿದೆವು. ಶಾಲೆಗೆ ಮುಂಚೆ ಹನ್ನೆರಡು ನಿಮಿಷ, ಸಂಜೆ ಆಟ ಮುಗಿಸಿ ಬಂದ ಮೇಲೆ ಮನಸ್ಸಿದ್ದರೆ ಹತ್ತು. ತಾಯಿ ಪಕ್ಕದಲ್ಲಿ ಕೂರಬಾರದು, ಅಡುಗೆಮನೆಯಲ್ಲಿರಬೇಕು. ನೋಟ್‌ಬುಕ್‌ನಲ್ಲಿ ನಿಮಿಷ ಬರೆಯುವುದೂ ಬೇಡ, ಅವತ್ತು ಏನು ನುಡಿಸಿದೆ ಅಂತ ಮಗುವೇ ಒಂದು ಸಾಲು ಬರೆಯಲಿ ಅಂದೆ. ತಾಯಿಗೆ ಇದು ಸುಲಭವಾಗಿರಲಿಲ್ಲ. ಮೊದಲ ವಾರ ಅಡುಗೆಮನೆಯಿಂದಲೇ "ಗ!" ಅಂತ ಕೂಗಿದ್ದಾಗಿ ಅವರೇ ಹೇಳಿದರು.

ಪಾಠವನ್ನೂ ಬದಲಿಸಿದೆ. ಇದನ್ನು ಕೆಲವು ಹಿರಿಯರು ಒಪ್ಪಲಿಕ್ಕಿಲ್ಲ. ಮಾಯಾಮಾಳವಗೌಳದಲ್ಲಿ ಸರಳೆ ಶುರುಮಾಡುವ ಪದ್ಧತಿ ಪುರಂದರದಾಸರಿಂದ ಬಂದದ್ದು, ನನಗೂ ಅದರ ಮೇಲೆ ನಂಬಿಕೆ ಇದೆ. ಸ ರಿ ಗ ಮ ಹೇಗೋ ಪ ದ ನಿ ಸ ಕೂಡ ಹಾಗೇ. ಪಿಟೀಲಿನಲ್ಲಿ ಒಂದು ತಂತಿಯಲ್ಲಿ ಕಲಿತ ಬೆರಳಿನ ಜಾಗ ಮುಂದಿನ ತಂತಿಯಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಈ ಮಗು ಆ ಕಂದಕಕ್ಕೆ ಹೆದರಿಹೋಗಿತ್ತು. ಎರಡು ತಿಂಗಳು ಅದನ್ನು ಬದಿಗಿಟ್ಟು ಶಂಕರಾಭರಣ ರಾಗದ ನೋಟುಸ್ವರ ಹೇಳಿಕೊಟ್ಟೆ.

ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದ ಚಿಕ್ಕ ಚಿಕ್ಕ ರಚನೆಗಳು ಇವು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರೇ ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು. ಗಮಕದ ಭಾರ ಇಲ್ಲ, ಸ್ವರ ನೇರ. ಶಂಕರಾಭರಣದಲ್ಲಿ ರಿ ಗ ಹತ್ತಿರ ಹತ್ತಿರ. ಅವಳ ಚಿಕ್ಕ ಪಿಟೀಲಿನಲ್ಲಿ ಎರಡೂವರೆ ಸೆಂಟಿಮೀಟರ್ ಅಷ್ಟೇ. ಮಕ್ಕಳ ಕೈಗೆ ಇಷ್ಟು ಒಪ್ಪುವ ಪಾಠ ನಮ್ಮ ಸಂಗೀತದಲ್ಲೇ ಇದೆ. ನಾವು ಮೇಷ್ಟರುಗಳು ಇದನ್ನು ಇನ್ನೂ ಜಾಸ್ತಿ ಬಳಸಬೇಕು.

ಮೊದಲು ಕೊಟ್ಟಿದ್ದು 'ಶ್ಯಾಮಲೇ ಮೀನಾಕ್ಷಿ'. ಸಸ ಪಪ ದದ ಪ. ಸ, ಪ ಎರಡೂ ಬಿಟ್ಟ ತಂತಿ, ಬೆರಳೇ ಬೇಡ. ಒಂದು ಸಾಲು ನುಡಿಸುವಷ್ಟರಲ್ಲಿ ಹುಡುಗಿ ಕಮಾನು ನಿಲ್ಲಿಸಿ, "ಮಿಸ್, ಇದು ಟ್ವಿಂಕಲ್ ಟ್ವಿಂಕಲ್!" ಅಂತ ಕೂಗಿದಳು. ಹೌದು, ಅದೇ ಮಟ್ಟು. ದಸರಾ ಆದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ. ಆ ವಾರ ನೋಟ್‌ಬುಕ್‌ನಲ್ಲಿ ಬರೆದಿದ್ದಳು: "ಇವತ್ತು ತಾತನಿಗೆ ಟ್ವಿಂಕಲ್ ಕಲಿಸಿದೆ."

ಎಲ್ಲವೂ ಬೇಗ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಎರಡು ತಿಂಗಳ ಮೇಲೆ ಸರಳೆಗೆ ವಾಪಸ್ ಬಂದಾಗ, ಬೆರಳು ಮುಟ್ಟುವ ವಾದ್ಯದಲ್ಲೂ ಗ ಒಂದಿಷ್ಟು ದಿನ ಹಿಂದೆಯೇ ಬಿತ್ತು. ಒಂದು ವರ್ಷದ ರೂಢಿ ಕೈಯಲ್ಲಿ ಕೂತಿತ್ತು. ಪ್ರತಿ ಸಾಲನ್ನೂ ಮೊದಲು ಹಾಡು, ಆಮೇಲೆ ನುಡಿಸು ಅಂದೆ. ಮೂರು ವಾರದಲ್ಲಿ ಗಾಂಧಾರ ನಿಂತಿತು. ಬಲ ಭುಜ ಎತ್ತುವ ಅಭ್ಯಾಸ ಹೋಗಲು ಮಾತ್ರ ಎಂಟು ತಿಂಗಳೇ ಹಿಡಿಯಿತು. ಕನ್ನಡಿ ಮುಂದೆ ಕೂರಿಸಿ, ಕಮಾನಿನ ನಡುಭಾಗದಲ್ಲಷ್ಟೇ ಎಳೆಸಿ, ನಿಧಾನವಾಗಿ ಬಿಡಿಸಬೇಕಾಯಿತು. ಜೂನಿಯರ್ ಪರೀಕ್ಷೆಯ ಮಾತನ್ನು ತಾಯಿ ತಾವೇ ಮುಂದೂಡಿದರು.

ಇದಾದ ಮೇಲೆ ನನ್ನ ಹತ್ತಿರ ಇನ್ನೊಬ್ಬ ಹುಡುಗ ಬಂದ. ಅವನಿಗೂ ಗಾಂಧಾರ ಇಳಿಯುತ್ತಿತ್ತು. ವಾದ್ಯ ಚಿಕ್ಕದು ಮಾಡಿದರೆ ಆಯ್ತು ಅಂತ ಹೊರಟವಳು ಮೊದಲು ಹಾಡಿಸಿ ನೋಡಿದೆ. ಹಾಡಿನಲ್ಲೂ ಇಳಿಯುತ್ತಿತ್ತು, ಮ ಗ ರಿ ಸ ಅಂತ ಇಳಿಯುವಾಗಲೂ ತಪ್ಪೇ. ಅವನ ಪಿಟೀಲಿನ ಅಳತೆ ಸರಿಯಾಗೇ ಇತ್ತು. ಅವನಿಗೆ ಬೇಕಿದ್ದದ್ದು ಕಿವಿಯ ಪಾಠ. ಮೂರು ತಿಂಗಳು ಪಿಟೀಲು ಕಡಿಮೆ ಮಾಡಿ ಹಾಡಿಸಿದೆ.

ಹುಡುಗಿಗೆ ಈಗ ಹತ್ತು ತುಂಬಿದೆ. ಕಳೆದ ತಿಂಗಳು ಮುಕ್ಕಾಲು ಅಳತೆಗೆ ಬಂದಳು. ಅರ್ಧದ ಪಿಟೀಲು ಇನ್ನೊಂದು ಮಗುವಿನ ಮನೆಗೆ ಹೋಯಿತು. ಶ್ರುತಿ ಸ್ವಲ್ಪ ತಗ್ಗಿಸಿ ಮತ್ತೆ ಗುಂಪಿನ ಜೊತೆ ಕೂರುತ್ತಿದ್ದಾಳೆ. ಸುಸ್ತಾದ ದಿನ ಗಾಂಧಾರ ಈಗಲೂ ಒಮ್ಮೊಮ್ಮೆ ಇಳಿಯುತ್ತದೆ, ಆದರೆ ನಾನು ಹೇಳುವ ಮೊದಲೇ ಅವಳ ಬೆರಳು ಅದನ್ನು ಸರಿಮಾಡಿಕೊಳ್ಳುತ್ತದೆ. ತಾತನ ಪಿಟೀಲು ಮತ್ತೆ ಅಟ್ಟ ಸೇರಲಿಲ್ಲ. ಬೆಳಿಗ್ಗೆ ಮೊಮ್ಮಗಳ ವಾದ್ಯಕ್ಕೆ ಶ್ರುತಿ ಮಾಡಿದ ಮೇಲೆ ಅವರು ತಮ್ಮದಕ್ಕೂ ಶ್ರುತಿ ಮಾಡಿಕೊಳ್ಳುತ್ತಾರೆ.